ನಾಸಿರಿಯಾದ ಗೋಡೆಚಿತ್ರ: ಸದ್ದಾಂ ವಿರುದ್ಧ ಅದು ಸಾಕ್ಷಿಯಾಗುತ್ತದೆಯೇ? (ಓದುಗರ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ತುಂಗಾತೀರ

2003ರ ಮಾರ್ಚ್‌ನಲ್ಲಿ ಅಮೆರಿಕದ ಮರೀನ್ ಪಡೆ ದಕ್ಷಿಣ ಇರಾಕಿನ ನಾಸಿರಿಯಾ ಹಿಡಿಯಿತು. ಅಲ್ಲಿನ ಇರಾಕಿ ಸೇನಾ ಕಚೇರಿಯೊಂದರಲ್ಲಿ ಎತ್ತರದ ಕಟ್ಟಡಕ್ಕೆ ವಿಮಾನ ನುಗ್ಗುತ್ತಿರುವ ಗೋಡೆಚಿತ್ರ ಸಿಕ್ಕಿತು. ಅದರ ಫೋಟೊ ಇಪ್ಪತ್ತು ವರ್ಷ ದಾಟಿದರೂ ಓಡಾಡುತ್ತಲೇ ಇದೆ. ಜೊತೆಗೆ ಬರುವ ಮಾತು ಒಂದೇ: 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ನಡೆದ ದಾಳಿಯಲ್ಲಿ ಇರಾಕಿನ ಸರ್ವಾಧಿಕಾರಿ ಸದ್ದಾಂ ಕೈವಾಡಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಫೋಟೊ ನಕಲಿಯಲ್ಲ, ಚಿತ್ರ ಅಲ್ಲಿದ್ದದ್ದು ನಿಜ. ಹಾಗಾಗಿ "ಫೇಕ್" ಎಂದು ತಳ್ಳಿಹಾಕುವುದು ಉತ್ತರವಾಗುವುದಿಲ್ಲ. ಸರ್ವಾಧಿಕಾರಿಯ ಪ್ರಚಾರಕಲೆಯಿಂದ ಭಯೋತ್ಪಾದನೆಯ ನಂಟನ್ನು ಸಾಬೀತು ಮಾಡಬಹುದೇ, ಮಾಡಬಹುದಾದರೆ ಎಷ್ಟರ ಮಟ್ಟಿಗೆ? ಇರಾಕಿನ ದಾಖಲೆಗಳನ್ನು ಓದಿಕೊಂಡವರು ವಿವರವಾಗಿ ಬರೆಯಿರಿ.

ಕುಂಚ-ಕಡತ

ಮೊದಲು ತನಿಖೆಗಳು ಏನು ಹೇಳಿದವು ಎಂಬುದನ್ನು ಇಟ್ಟುಬಿಡೋಣ, ಗೋಡೆಯ ಕಡೆಗೆ ಆಮೇಲೆ ಹೋಗೋಣ.

ದಾಳಿಯ ತನಿಖೆ ನಡೆಸಿದ ಅಮೆರಿಕದ ಸೆಪ್ಟೆಂಬರ್ 11ರ ಆಯೋಗ 2004ರ ಜುಲೈನಲ್ಲಿ ವರದಿ ಕೊಟ್ಟಿತು. 1990ರ ದಶಕದಲ್ಲಿ ಇರಾಕಿಗೂ ದಾಳಿ ನಡೆಸಿದ ಬಿನ್ ಲಾದೆನ್‌ನ ಅಲ್-ಖೈದಾಗೂ ಸಂಪರ್ಕ ನಡೆದಿತ್ತು ಎಂದು ಅದು ಒಪ್ಪಿತು. ಆದರೆ ಆ ಸಂಪರ್ಕ ಒಟ್ಟಿಗೆ ದಾಳಿ ನಡೆಸುವ ಸಂಬಂಧವಾಗಿ ಬೆಳೆಯಿತು ಎನ್ನಲು ಪುರಾವೆ ಕಾಣಲಿಲ್ಲ ಎಂದಿತು. 2006ರ ಸೆಪ್ಟೆಂಬರ್‌ನಲ್ಲಿ ಬಂದ ಅಮೆರಿಕ ಸೆನೆಟ್‌ನ ಗುಪ್ತಚರ ಸಮಿತಿಯ ವರದಿ ಇನ್ನೂ ಮುಂದೆ ಹೋಯಿತು. ಸದ್ದಾಂಗೆ ಅಲ್-ಖೈದಾ ಮೇಲೆ ನಂಬಿಕೆ ಇರಲಿಲ್ಲ, ಧಾರ್ಮಿಕ ಉಗ್ರರಿಂದ ತನ್ನ ಕುರ್ಚಿಗೇ ಅಪಾಯ ಎಂದು ಆತ ಎಣಿಸಿದ್ದ, ಅವರು ನೆರವು ಕೇಳಿದಾಗ ಕೊಡಲಿಲ್ಲ ಎಂಬುದು ಅದರ ನಿಲುವು. ವಶಪಡಿಸಿಕೊಂಡ ಆರು ಲಕ್ಷಕ್ಕೂ ಹೆಚ್ಚು ಇರಾಕಿ ದಾಖಲೆಗಳನ್ನು ಜಾಲಾಡಿ ಅಮೆರಿಕದ ರಕ್ಷಣಾ ಇಲಾಖೆಗಾಗಿ ಐದು ಸಂಪುಟಗಳ ಅಧ್ಯಯನವೊಂದು ತಯಾರಾಯಿತು. 2008ರಲ್ಲಿ ಹೊರಬಂದ ಅದರಲ್ಲೂ ಅಲ್-ಖೈದಾ ಜೊತೆ ನೇರ ಕೈಜೋಡಣೆಗೆ ಪುರಾವೆ ಸಿಗಲಿಲ್ಲ.

ಇಲ್ಲಿಗೇ ನಿಲ್ಲಿಸಿ ಸದ್ದಾಂಗೂ ಭಯೋತ್ಪಾದನೆಗೂ ಸಂಬಂಧವೇ ಇರಲಿಲ್ಲ ಎನ್ನುವವರೂ ತಪ್ಪು ಮಾಡುತ್ತಾರೆ. ಅದೇ ಐದು ಸಂಪುಟಗಳಲ್ಲಿ ಪ್ಯಾಲೆಸ್ತೀನಿ ಗುಂಪುಗಳಿಗೆ ನೆರವು, ಹೊರದೇಶದವರಿಗೆ ತರಬೇತಿ, ದೇಶಬಿಟ್ಟ ವಿರೋಧಿಗಳ ಹತ್ಯೆಯ ಯೋಜನೆ, ಎಲ್ಲಕ್ಕೂ ಕಾಗದಪತ್ರಗಳಿವೆ. 1999ರ ಮೇ ತಿಂಗಳ ಒಂದು ಕಡತದಲ್ಲಿ ಸದ್ದಾಂನ ಮಗ ಉದಯ್‌ನ ಫಿದಾಯೀನ್ ಎಂಬ ಅರೆಸೇನಾ ಪಡೆಗೆ ಲಂಡನ್, ಇರಾನ್ ಮತ್ತು ಕುರ್ದಿಶ್ ಪ್ರದೇಶಗಳಲ್ಲಿ ಹತ್ಯೆ ಮತ್ತು ಬಾಂಬ್ ದಾಳಿಗೆ ಸಜ್ಜಾಗುವಂತೆ ಸೂಚನೆಯಿದೆ. ಅದಕ್ಕಿಟ್ಟ ಹೆಸರು "ಪುಣ್ಯ ಜುಲೈ".

ಅಂದರೆ ನಂಟು ಇತ್ತು. ಗೋಡೆಚಿತ್ರ ಬೆರಳು ತೋರಿಸಿದ ಜಾಗದಲ್ಲಿ ಮಾತ್ರ ಇರಲಿಲ್ಲ.

ಮಲೆನಾಡಿಗ

ಒಂದು ಆಕ್ಷೇಪ ಇದೆ. ಸದ್ದಾಂ ಕಾಲದ ಇರಾಕಿನಲ್ಲಿ ಅನುಮತಿಯಿಲ್ಲದೆ ಗೋಡೆಗೆ ಬಣ್ಣ ಬಳಿಯುವ ಧೈರ್ಯ ಯಾರಿಗಿತ್ತು? ಇದು ಬೀದಿಯ ಗೋಡೆಯೂ ಅಲ್ಲ, ಸೇನಾ ಕಚೇರಿಯ ಗೋಡೆ. ಅಲ್ಲಿ ಆ ಚಿತ್ರ ಇದೆ ಎಂದಮೇಲೆ ಮೇಲಿನವರ ಒಪ್ಪಿಗೆ ಇದ್ದೇ ಇರುತ್ತದೆ. ಒಪ್ಪಿಗೆಯೂ ಒಂದು ನಂಟಲ್ಲವೇ?

ಕುಂಚ-ಕಡತ

ಒಳ್ಳೆಯ ಆಕ್ಷೇಪ, ಬಿಡಿಸಿ ನೋಡೋಣ. ಒಪ್ಪಿಗೆ ಎರಡು ಬಗೆ. ದಾಳಿಗೆ ಮೊದಲು ಕೊಡುವುದು ಒಂದು, ಆದಮೇಲೆ ಚಪ್ಪಾಳೆ ತಟ್ಟುವುದು ಇನ್ನೊಂದು.

ಎರಡನೆಯದು ಇತ್ತು ಎಂಬುದಕ್ಕೆ ಗೋಡೆಚಿತ್ರದ ಅಗತ್ಯವೇ ಇಲ್ಲ. ಅರಬ್ ಸರ್ಕಾರಗಳು ದಾಳಿಯನ್ನು ಖಂಡಿಸಿದಾಗ ಬಾಗ್ದಾದ್ ಖಂಡಿಸಲಿಲ್ಲ. ಅಮೆರಿಕ ಬಿತ್ತಿದ್ದನ್ನೇ ಉಣ್ಣುತ್ತಿದೆ ಎಂಬ ಧಾಟಿಯ ಹೇಳಿಕೆಗಳು ಸರ್ಕಾರಿ ಮಾಧ್ಯಮದಲ್ಲಿ ಬಹಿರಂಗವಾಗಿಯೇ ಬಂದವು. ಗೋಡೆಚಿತ್ರ ಇದಕ್ಕಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ.

ಇನ್ನು ಅನುಮತಿಯ ಮಾತು. ಇರಾಕಿನ ಚಿತ್ರಗಳೆಲ್ಲ ಅರಮನೆಯಿಂದ ಇಳಿದ ಆದೇಶಗಳಲ್ಲ. ವಿಜಯ ಕಮಾನು, ಹುತಾತ್ಮ ಸ್ಮಾರಕದಂಥ ದೊಡ್ಡ ಕೆಲಸಗಳು ಮೇಲಿನಿಂದ ಬಂದವು. ಸಣ್ಣವು ಕೆಳಗಿನಿಂದ ಹುಟ್ಟುತ್ತಿದ್ದವು. ಪ್ರತಿ ಇಲಾಖೆ, ಪ್ರತಿ ಊರ ಪಕ್ಷದ ಘಟಕ, ಪ್ರತಿ ಪಡೆ ತಮ್ಮ ನಿಷ್ಠೆ ತೋರಿಸಲು ಪೈಪೋಟಿಯಲ್ಲಿ ಬರೆಸುತ್ತಿದ್ದವು. ನ್ಯಾಯ ಇಲಾಖೆಯ ಮುಂದೆ ತಕ್ಕಡಿ ಹಿಡಿದ ಸದ್ದಾಂ, ದೂರವಾಣಿ ಕಚೇರಿಯ ಮುಂದೆ ಫೋನ್ ಹಿಡಿದ ಸದ್ದಾಂ. ಸೇನಾ ಕಚೇರಿಯೊಳಗಿನ ಚಿತ್ರದಲ್ಲಿ ಮೊದಲು ಕಾಣುವುದು ಅಲ್ಲಿನ ಅಧಿಕಾರಿಗೆ ಮೇಲಿನವರಿಗೆ ಏನು ಹಿಡಿಸುತ್ತದೆ ಎಂದು ಅನಿಸಿತ್ತು ಎಂಬುದು. ಮೇಲಿನವರು ಏನು ಮಾಡಿದ್ದರು ಎಂಬುದು ಆ ಅಧಿಕಾರಿಗೇ ಗೊತ್ತಿರಬೇಕೆಂದಿಲ್ಲ. ನ್ಯೂಯಾರ್ಕ್ ದಾಳಿಯಂಥ ಗುಟ್ಟಿನ ಯೋಜನೆಯಲ್ಲಿ ಇರಾಕ್ ಪಾಲುದಾರನಾಗಿದ್ದರೆ ಅದು ನಾಸಿರಿಯಾದ ಕಚೇರಿಯ ಗೋಡೆಯವರೆಗೆ ಸೋರಿ ಬರುತ್ತಿತ್ತೇ?

ಶಾಸನಪ್ರಿಯ

ಕನ್ನಡದ ಓದುಗರಿಗೆ ಇದು ಹೊಸ ಸಮಸ್ಯೆಯಲ್ಲ. ಶಾಸನ ಓದುವವರು ಮೊದಲು ಕಲಿಯುವುದೇ ರಾಜನನ್ನು ಹೊಗಳುವ ಪ್ರಶಸ್ತಿ ಭಾಗ ಬೇರೆ, ಕೊಟ್ಟ ದಾನದ ವಿವರವಿರುವ ಭಾಗ ಬೇರೆ ಎಂದು. ಪ್ರಶಸ್ತಿಯಲ್ಲಿ ರಾಜ ಸಮುದ್ರದವರೆಗೆ ಎಲ್ಲರನ್ನೂ ಗೆದ್ದಿರುತ್ತಾನೆ. ಯಾರಿಗೆ, ಯಾವ ದಿನ, ಎಷ್ಟು ಮತ್ತರು (ಆಗಿನ ನೆಲದ ಅಳತೆ) ಭೂಮಿ, ಸಾಕ್ಷಿ ಯಾರು ಎಂಬುದು ದಾನದ ಭಾಗದಲ್ಲಿರುತ್ತದೆ. ಇತಿಹಾಸಕಾರ ಹೆಚ್ಚು ಒರಗುವುದು ಎರಡನೆಯದಕ್ಕೆ.

ಐಹೊಳೆಯಲ್ಲಿ ರವಿಕೀರ್ತಿ ಬರೆದ 634ರ ಪ್ರಶಸ್ತಿಯನ್ನೇ ನೋಡಿ. ಪುಲಕೇಶಿಯ ಎದುರು ಹರ್ಷನ ಹರ್ಷ ಕರಗಿಹೋಯಿತು ಎಂದು ಕವಿ ಶ್ಲೇಷೆ ಮಾಡಿದ. ಅದನ್ನು ನಾವು ನಂಬುವುದು ಕವಿ ಹೇಳಿದ ಎಂಬ ಒಂದೇ ಕಾರಣಕ್ಕಲ್ಲ. ಚಾಲುಕ್ಯರ ಹಂಗಿಲ್ಲದ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗ್ ಕೂಡ ಹರ್ಷನಿಗೆ ಈ ರಾಜನನ್ನು ಮಣಿಸಲು ಆಗಲಿಲ್ಲ ಎಂದು ಬರೆದಿದ್ದಾನೆ. ಹೊಗಳಿಕೆಯ ಹೊರಗಿನಿಂದ ಒಂದು ಮಾತು ಬಂದಾಗಲೇ ಹೊಗಳಿಕೆಗೆ ತೂಕ.

ನಾಸಿರಿಯಾದ ಚಿತ್ರ ಬರೀ ಪ್ರಶಸ್ತಿ. ಅದಕ್ಕೆ ಜೋಡಿಯಾಗುವ ದಾನಶಾಸನ ಇಲ್ಲ.

ತುಂಗಾತೀರ

ಹಾಗಿದ್ದರೆ ಪ್ರಶಸ್ತಿಗೂ ದಾನಕ್ಕೂ ತಾಳೆಯಾದ ಉದಾಹರಣೆ ಸದ್ದಾಂ ವಿಷಯದಲ್ಲಿ ಇದೆಯೇ?

ರೊಕ್ಕದ ಜಾಡು

ಇದೆ, ಪ್ಯಾಲೆಸ್ತೀನ್. 1990ರ ದಶಕದ ಕೊನೆಯಿಂದ 2003ರವರೆಗೆ ಸದ್ದಾಂ ಚಿತ್ರಗಳ ಹಿನ್ನೆಲೆಯಲ್ಲಿ ಜೆರುಸಲೇಮಿನ ಚಿನ್ನದ ಗುಮ್ಮಟ ಮತ್ತೆ ಮತ್ತೆ ಬರುತ್ತದೆ. 2002ರ 250 ದಿನಾರ್ ನೋಟಿನ ಮುಂದೆ ಸದ್ದಾಂ, ಹಿಂದೆ ಅದೇ ಗುಮ್ಮಟ. ಜೆರುಸಲೇಮ್ ಬಿಡಿಸುತ್ತೇವೆಂದು ಸ್ವಯಂಸೇವಕರ "ಅಲ್-ಕುದ್ಸ್ ಸೇನೆ" ಕಟ್ಟಿ ಲಕ್ಷಗಟ್ಟಲೆ ಜನರ ಲೆಕ್ಕ ಹೇಳಿದರು. ಆ ಸೇನೆ ಜೆರುಸಲೇಮಿನ ಹತ್ತಿರಕ್ಕೂ ಹೋಗಲಿಲ್ಲ, ಅದು ಪೂರಾ ಪ್ರದರ್ಶನ.

ದುಡ್ಡು ಮಾತ್ರ ಪ್ರದರ್ಶನವಾಗಿರಲಿಲ್ಲ. ಅರಬ್ ಲಿಬರೇಶನ್ ಫ್ರಂಟ್ ಎಂಬ ಬಾಗ್ದಾದ್ ಪರ ಪ್ಯಾಲೆಸ್ತೀನಿ ಗುಂಪಿನ ಕೈಯಿಂದ ಸತ್ತವರ ಕುಟುಂಬಗಳಿಗೆ ಚೆಕ್ ಹಂಚಲಾಗುತ್ತಿತ್ತು. ಇಸ್ರೇಲ್ ಜೊತೆಗಿನ ಘರ್ಷಣೆಯಲ್ಲಿ ಸತ್ತವರ ಮನೆಗೆ 10,000 ಡಾಲರ್. ಆತ್ಮಹತ್ಯಾ ಬಾಂಬರ್‌ಗಳ ಮನೆಗೂ ಮೊದಲು ಅಷ್ಟೇ ಇದ್ದದ್ದನ್ನು 2002ರಲ್ಲಿ 25,000ಕ್ಕೆ ಏರಿಸಿದರು. ಗಾಜಾದಲ್ಲಿ ಮತ್ತು ಪಶ್ಚಿಮ ದಂಡೆಯಲ್ಲಿ ಸಭೆ ಕರೆದು, ಸದ್ದಾಂ ಫೋಟೊ ಕಟ್ಟಿ, ಪತ್ರಕರ್ತರ ಎದುರಿಗೇ ಕೊಟ್ಟರು.

ಇಲ್ಲಿ ಚಿತ್ರ, ಚೆಕ್, ಪಡೆದವರ ಮಾತು, ಹಂಚಿದ ಗುಂಪು, ಆಮೇಲೆ ಸಿಕ್ಕ ಇರಾಕಿ ಕಡತ, ಎಲ್ಲ ಒಂದೇ ದಿಕ್ಕಿಗೆ ಹೋಗುತ್ತವೆ. ಕಾರಣ ಸರಳ: ಈ ನಂಟನ್ನು ಸದ್ದಾಂ ಮುಚ್ಚಿಡಲು ಬಯಸಿರಲಿಲ್ಲ, ಅರಬ್ ಜಗತ್ತಿನಲ್ಲಿ ಅದರ ಕೀರ್ತಿ ಆತನಿಗೆ ಬೇಕಿತ್ತು. ಪ್ರಚಾರಕಲೆ ಈ ಬಗೆಯ ನಂಟನ್ನು ಚೆನ್ನಾಗಿ ಹೇಳುತ್ತದೆ. ಹೆಸರು ಹೊರಬಂದರೆ ಯುದ್ಧವೇ ಬರಬಹುದಾದ ನಂಟುಗಳನ್ನು ಹೇಳುವುದಿಲ್ಲ. ಪ್ಯಾಲೆಸ್ತೀನಿ ಉಗ್ರರ ಗುಂಪೊಂದರ ನಾಯಕ ಅಬು ನಿದಾಲ್ 2002ರ ಆಗಸ್ಟ್‌ನಲ್ಲಿ ಸತ್ತದ್ದು ಬಾಗ್ದಾದಿನಲ್ಲಿ. 1985ರಲ್ಲಿ ಅಕಿಲೆ ಲೌರೊ ಹಡಗಿನ ಅಪಹರಣ ಮಾಡಿಸಿದ ಅಬು ಅಬ್ಬಾಸ್ 2003ರ ಏಪ್ರಿಲ್‌ನಲ್ಲಿ ಸಿಕ್ಕಿಬಿದ್ದದ್ದೂ ಬಾಗ್ದಾದಿನಲ್ಲೇ. ಇವು ಗೊತ್ತಾದದ್ದು ಮನುಷ್ಯರು ಸಿಕ್ಕಿದ್ದರಿಂದ, ಗೋಡೆ ನೋಡಿ ಅಲ್ಲ.

ಮಲೆನಾಡಿಗ

ಒಪ್ಪಿದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ನಾಸಿರಿಯಾದ ಚಿತ್ರವನ್ನು ಬರೆದದ್ದು 2001ರ ಸೆಪ್ಟೆಂಬರ್‌ಗಿಂತ ಮೊದಲು ಎಂದು ತೋರಿಸಿದರೆ? ಆಗ ಅದು ಸಾಕ್ಷಿಯಾಗುವುದಿಲ್ಲವೇ?

ಕುಂಚ-ಕಡತ

ಆಗಲೂ ತಾನಾಗಿ ಸಾಕ್ಷಿಯಾಗುವುದಿಲ್ಲ. ಎರಡು ಉದಾಹರಣೆ ಕೊಡುತ್ತೇನೆ.

ಬಾಗ್ದಾದಿನ ವಿಜಯ ಕಮಾನು, ನೆಲ ಸೀಳಿ ಬಂದ ಎರಡು ಜೋಡಿ ಕೈಗಳು ಕತ್ತಿ ಹಿಡಿದಿರುವಂಥದ್ದು, ಉದ್ಘಾಟನೆಯಾದದ್ದು 1989ರ ಆಗಸ್ಟ್ 8ರಂದು. ಅದನ್ನು ಕಟ್ಟುವ ನಿರ್ಧಾರ ಆದದ್ದು 1985ರ ಹೊತ್ತಿಗೆ, ಇರಾನ್ ಯುದ್ಧ ಇನ್ನೂ ಮೂರು ವರ್ಷ ನಡೆಯುವುದಿತ್ತು. ಶಿಲ್ಪಿ ಖಾಲಿದ್ ಅಲ್-ರಹ್ಹಾಲ್ ನಡುವೆಯೇ ತೀರಿಕೊಂಡರು, ಮೊಹಮ್ಮದ್ ಘನಿ ಹಿಕ್ಮತ್ ಮುಗಿಸಿದರು. ಮಾದರಿ ಸದ್ದಾಂನದೇ ಮುಂಗೈ, ಎರಕ ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಫೌಂಡ್ರಿಯಲ್ಲಿ. ಕೈಗಳ ಬುಡದ ಬಲೆಗಳಲ್ಲಿ ಇರಾನಿ ಸೈನಿಕರ ಸಾವಿರಾರು ಹೆಲ್ಮೆಟ್. ಗೆಲುವು ಸಿಗುವ ಮುಂಚೆಯೇ ಗೆಲುವಿನ ಕಮಾನು! ಆ ಯುದ್ಧದಲ್ಲಿ ಕೊನೆಗೂ ಯಾರೂ ಗೆಲ್ಲಲಿಲ್ಲ. ಘಟನೆಗೆ ಮುನ್ನ ಬಂದ ಚಿತ್ರದಲ್ಲಿ ಆಸೆ ಕಾಣುತ್ತದೆ. ಆಸೆಯಿಂದ ಮುನ್ನರಿವಿಗೆ ಹೋಗಲು ಬೇರೆ ಪುರಾವೆಯ ಸೇತುವೆ ಬೇಕು.

ಎರಡನೆಯದು ಅಮೆರಿಕದ್ದೇ. 2001ರ ಮಧ್ಯದಲ್ಲಿ ಅಲ್ಲಿನ ಒಂದು ಹಿಪ್-ಹಾಪ್ ತಂಡ ತನ್ನ ಆಲ್ಬಮ್ಮಿನ ಮುಖಪುಟಕ್ಕೆ ಅದೇ ಅವಳಿ ಗೋಪುರಗಳು ಸ್ಫೋಟಿಸುವ ಚಿತ್ರ ಸಿದ್ಧಪಡಿಸಿತ್ತು. ದಾಳಿಯಾದ ಕೂಡಲೇ ಹಿಂದಕ್ಕೆ ಪಡೆಯಿತು. ಅವರಿಗೆ ಮೊದಲೇ ಗೊತ್ತಿತ್ತು ಎಂದು ವಿವೇಕವಿರುವ ಯಾರೂ ಹೇಳುವುದಿಲ್ಲ. ಆ ಗೋಪುರಗಳು ಅಮೆರಿಕದ ಹಣಬಲದ ಗುರುತಾಗಿ ಎಲ್ಲರ ಕಣ್ಣಲ್ಲೂ ಇದ್ದವು, 1993ರಲ್ಲಿ ಒಮ್ಮೆ ಬಾಂಬಿಗೂ ಗುರಿಯಾಗಿದ್ದವು.

ಹೊಸಪೇಟೆ

ಕಾಲ ಕಂಡುಹಿಡಿಯುವುದು ಹೇಗೆ ಎಂಬುದನ್ನು ಯಾರಾದರೂ ಬಿಡಿಸಿ ಹೇಳಿ. ನನ್ನಂಥ ಚಿತ್ರಕಲಾ ವಿದ್ಯಾರ್ಥಿಗಳಿಗೆ ಉಪಯೋಗವಾಗುತ್ತದೆ.

ಗಾರೆ-ಬಣ್ಣ

ಸದ್ದಾಂ ಕಾಲದ ಇರಾಕಿ ಚಿತ್ರ ಕೈಗೆ ಸಿಕ್ಕರೆ ಮೊದಲು ಧ್ವಜ ಹುಡುಕಿ. 1963ರಿಂದ ಇರಾಕಿನ ಧ್ವಜದಲ್ಲಿ ಮೂರು ಹಸಿರು ನಕ್ಷತ್ರ ಮಾತ್ರ ಇದ್ದವು. 1991ರ ಜನವರಿಯಲ್ಲಿ ನಕ್ಷತ್ರಗಳ ನಡುವೆ "ಅಲ್ಲಾಹು ಅಕ್ಬರ್" ಸೇರಿತು, ಅದೂ ಸದ್ದಾಂನದೇ ಕೈಬರಹ ಎನ್ನಲಾದ ಅಕ್ಷರದಲ್ಲಿ. 2004ರಲ್ಲಿ ಕೈಬರಹ ಹೋಗಿ ಕೂಫಿ ಎಂಬ ಕೋನಾಕಾರದ ಹಳೆಯ ಅರಬ್ಬಿ ಲಿಪಿ ಬಂತು, 2008ರಲ್ಲಿ ನಕ್ಷತ್ರಗಳನ್ನು ತೆಗೆದರು. ಚಿತ್ರದಲ್ಲಿ ಕೈಬರಹದ ಸಾಲಿದ್ದರೆ ಅದು 1991ಕ್ಕಿಂತ ಹಿಂದಿನದಾಗಲಾರದು. ಇಲ್ಲಿ ಜನ ಮಾಡುವ ತಪ್ಪು ಇದನ್ನೇ ತಿರುಗಿಸುವುದು: ಸಾಲು ಇಲ್ಲದಿದ್ದರೆ 1991ರ ಹಿಂದಿನದು ಎಂದುಬಿಡುತ್ತಾರೆ. ಕಲಾವಿದ ಹಳೆಯ ಮಾದರಿ ನೋಡಿ ಬರೆದಿರಬಹುದು. ಹಳೆಯ ಧ್ವಜದ ಮೇಲೆ ಆಮೇಲೆ ಅಕ್ಷರ ಸೇರಿಸಿರುವುದೂ ಸಾಧ್ಯ. ಅಡ್ಡ ಬೆಳಕು ಹಾಯಿಸಿ ನೋಡಿದರೆ ಮೇಲೆ ಕೂತ ಬಣ್ಣದ ಅಂಚು ಉಬ್ಬಿ ಕಾಣುತ್ತದೆ.

ಆಮೇಲೆ ಸದ್ದಾಂನ ವೇಷ. 1980ರ ದಶಕದಲ್ಲಿ ಸಮವಸ್ತ್ರ, ಇರಾನ್ ಯುದ್ಧ, ಪ್ರಾಚೀನ ಬ್ಯಾಬಿಲೋನಿನ ರಾಜ ನೆಬುಕದ್ನೆಜರನ ಪಕ್ಕದಲ್ಲಿ ನಿಂತ ವೀರ. 1993ರಲ್ಲಿ ಸರ್ಕಾರ "ಶ್ರದ್ಧಾ ಅಭಿಯಾನ" ಶುರುಮಾಡಿದ ಮೇಲೆ ನಮಾಜು ಮಾಡುವ ಸದ್ದಾಂ ಹೆಚ್ಚುತ್ತಾನೆ. ಆ ಸಾಲಿನ ತುತ್ತತುದಿ 2001ರಲ್ಲಿ ಮುಗಿದ ಬಾಗ್ದಾದಿನ ಉಮ್ ಅಲ್-ಮಆರಿಕ್ ಮಸೀದಿ. ಅದರ ಹೊರಗಿನ ನಾಲ್ಕು ಮಿನಾರುಗಳು ಕಲಾಶ್ನಿಕೊವ್ ನಳಿಗೆಯ ಹಾಗೆ, ಒಳಗಿನ ನಾಲ್ಕು ಸ್ಕಡ್ ಕ್ಷಿಪಣಿಯ ಹಾಗೆ. ಒಳಗಿನವುಗಳ ಎತ್ತರ 37 ಮೀಟರ್, ಸದ್ದಾಂ ಹುಟ್ಟಿದ ವರ್ಷ 1937ರ ಲೆಕ್ಕ. ಹೊರಗಿನವು 43 ಮೀಟರ್, 1991ರ ಕೊಲ್ಲಿ ಯುದ್ಧದ ದಿನಗಳ ಲೆಕ್ಕ. ಸದ್ದಾಂನ ರಕ್ತದಲ್ಲಿ ಬರೆದದ್ದೆಂದು ಹೇಳುವ 605 ಪುಟಗಳ ಕುರಾನ್ ಇಟ್ಟದ್ದೂ ಅಲ್ಲೇ. ಇಷ್ಟೊಂದು ಧಾರ್ಮಿಕ ಚಿಹ್ನೆ ನೋಡಿ, ಸದ್ದಾಂ ಬಿನ್ ಲಾದೆನ್ ದಾರಿಗೆ ಬಂದಿದ್ದ ಎಂದು ವಾದಿಸಿದವರಿದ್ದಾರೆ. ಸೆರೆಸಿಕ್ಕ ಮೇಲೆ 2004ರಲ್ಲಿ ವಿಚಾರಿಸಿದ ಎಫ್‌ಬಿಐ ಅಧಿಕಾರಿಗೆ ಸದ್ದಾಂ ಹೇಳಿದ್ದು ತದ್ವಿರುದ್ಧ: ಬಿನ್ ಲಾದೆನ್ ಒಬ್ಬ ಮತಾಂಧ, ಆತನೊಂದಿಗೆ ಕೈಜೋಡಿಸಿಲ್ಲ. ಆರೋಪಿಯ ಮಾತನ್ನು ಹಾಗೇ ನಂಬಬೇಕಿಲ್ಲ, ಆದರೆ ಅದು ಕಡತಗಳಿಗೆ ತಾಳೆಯಾಗುತ್ತದೆ, ಮಿನಾರಿನ ಆಕಾರಕ್ಕೆ ಆಗುವುದಿಲ್ಲ.

ಮೂರನೆಯದು ಜಾಗ. ಚಿತ್ರ ಯಾರ ಕಣ್ಣಿಗೆ ಬೀಳಲೆಂದು ಇತ್ತು? ಊರಬಾಗಿಲಲ್ಲೇ, ಕವಾಯತು ಮೈದಾನದಲ್ಲೇ, ಒಳಕೋಣೆಯಲ್ಲೇ? ಬೀದಿಯ ಚಿತ್ರ ಪ್ರಜೆಗೆ, ಬ್ಯಾರಕಿನ ಚಿತ್ರ ಸಿಪಾಯಿಗೆ, ಹೋಟೆಲಿನ ಚಿತ್ರ ವಿದೇಶಿಗೆ. ಫೋಟೊ ತೆಗೆಯುವವರು ಮಾಡುವ ದೊಡ್ಡ ತಪ್ಪು ಚಿತ್ರವನ್ನಷ್ಟೇ ಹತ್ತಿರದಿಂದ ತೆಗೆದು ಗೋಡೆ, ಬಾಗಿಲು, ಪಕ್ಕದ ಚಿತ್ರಗಳನ್ನು ಬಿಟ್ಟುಬಿಡುವುದು. ಕನಿಷ್ಠ ಮೂರು ಬಗೆಯ ಫೋಟೊ ಬೇಕು: ಇಡೀ ಕೋಣೆ, ಅಳತೆಪಟ್ಟಿ ಹಿಡಿದ ಪೂರ್ತಿ ಚಿತ್ರ, ಸಹಿ ಮತ್ತು ಬರಹದ ಸಮೀಪನೋಟ. ಇರಾಕಿ ಕಲಾವಿದರು ಅನೇಕ ಸಲ ಮೂಲೆಯಲ್ಲಿ ಹೆಸರು, ವರ್ಷ ಹಾಕುತ್ತಿದ್ದರು. ಅರಬ್ಬಿ ಅಂಕಿಯಲ್ಲಿ ಸೊನ್ನೆ ಬರೀ ಚುಕ್ಕೆ, ಐದು ನಮ್ಮ ಸೊನ್ನೆಯ ಹಾಗಿರುತ್ತದೆ. ಇದು ಗೊತ್ತಿಲ್ಲದೆ ವರ್ಷ ತಪ್ಪು ಓದಿದವರು ಕಡಿಮೆಯಿಲ್ಲ.

ಕೊನೆಗೆ ಬಣ್ಣದ ಪದರ. ತೊಟ್ಟಿನಷ್ಟು ಚೂರನ್ನು ರಾಳದಲ್ಲಿ ಕೂರಿಸಿ, ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದರ ಮೇಲೊಂದು ಎಷ್ಟು ಸಲ ಬಳಿದಿದ್ದಾರೆ ಎಂದು ಎಣಿಸಬಹುದು. ಎರಡು ಪದರಗಳ ನಡುವೆ ಧೂಳು ಕೂತಿದ್ದರೆ ನಡುವೆ ಸಮಯ ಹೋಗಿದೆ ಎಂದರ್ಥ, ಇಲ್ಲದಿದ್ದರೆ ಬೆನ್ನುಬೆನ್ನಿಗೆ ಬಳಿದದ್ದು. ಇದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಸಿಗುತ್ತದೆ. 2001ರ ಆಗಸ್ಟೋ ಅಕ್ಟೋಬರೋ ಎಂಬಷ್ಟು ನಿಖರ ದಿನಾಂಕ ಯಾವ ಪ್ರಯೋಗಾಲಯದಿಂದಲೂ ಬರುವುದಿಲ್ಲ. ಅದಕ್ಕೆ ಬೇಕಾದದ್ದು ಬಣ್ಣ ಕೊಂಡ ಬಿಲ್ಲು, ಕಲಾವಿದನಿಗೆ ಹಣ ಕೊಟ್ಟ ರಸೀದಿ, ಘಟಕದ ಆದೇಶಪತ್ರ. ಯುದ್ಧದ ನಡುವೆ ಕಚೇರಿಗೆ ನುಗ್ಗಿದವರು ಗೋಡೆಯ ಫೋಟೊ ತೆಗೆದು ಕಪಾಟಿನ ಕಾಗದ ಚೆಲ್ಲಾಡಿದರೆ ನಿಜವಾದ ಸಾಕ್ಷಿ ಕಾಲಡಿಯಲ್ಲೇ ಹೋಗುತ್ತದೆ.

ಹೊಸಪೇಟೆ

ಧನ್ಯವಾದ ಸರ್. ಹೋಟೆಲಿನ ಚಿತ್ರ ಎಂದಿರಿ, ಅದು ಅಲ್-ರಶೀದ್ ಹೋಟೆಲಿನ ಬುಷ್ ಮೊಸಾಯಿಕ್ (ಬಣ್ಣದ ಚೂರು ಜೋಡಿಸಿ ಮಾಡಿದ ಚಿತ್ರ) ತಾನೇ? ಅದರ ಕಲಾವಿದೆಯನ್ನು ಅಮೆರಿಕ ಕ್ಷಿಪಣಿ ಬಿಟ್ಟು ಕೊಂದಿತು ಎಂದು ಓದಿದ್ದೆ.

ಗಾರೆ-ಬಣ್ಣ

ಅದೇ. ಆದರೆ ನೀವು ಓದಿದ ಕಥೆಯಲ್ಲಿ ಎರಡು ಎಳೆ ಸಿಕ್ಕಿಕೊಂಡಿವೆ, ಬಿಡಿಸುತ್ತೇನೆ.

1991ರ ಯುದ್ಧದ ನಂತರ ಬಾಗ್ದಾದಿನ ಅಲ್-ರಶೀದ್ ಹೋಟೆಲಿನ ಪ್ರವೇಶದ ನೆಲದಲ್ಲಿ ಆ ಯುದ್ಧದ ಕಾಲದ ಅಮೆರಿಕದ ಅಧ್ಯಕ್ಷ ಹಿರಿಯ ಜಾರ್ಜ್ ಬುಷ್ ಮುಖದ ಮೊಸಾಯಿಕ್ ಕೂರಿಸಿದರು. "ಬುಷ್ ಅಪರಾಧಿ" ಎಂಬ ಬರಹ, ಒಳಗೆ ಹೋಗುವವರು ಆ ಮುಖವನ್ನು ತುಳಿದೇ ಹೋಗಬೇಕು. 1993ರ ಏಪ್ರಿಲ್‌ನಲ್ಲಿ ಬುಷ್ ಕುವೈತಿಗೆ ಹೋದಾಗ ಕಾರ್ ಬಾಂಬಿನಿಂದ ಕೊಲ್ಲುವ ಸಂಚು ಬಯಲಾಯಿತು. ಇರಾಕಿ ಗುಪ್ತಚರ ಸಂಸ್ಥೆಯದೇ ಕೈವಾಡ ಎಂದು ತೀರ್ಮಾನಿಸಿದ ಮುಂದಿನ ಅಧ್ಯಕ್ಷ ಕ್ಲಿಂಟನ್ ಜೂನ್ ಕೊನೆಯಲ್ಲಿ ಅದರ ಮುಖ್ಯ ಕಚೇರಿಯ ಮೇಲೆ 23 ಟೊಮಹಾಕ್ ಕ್ಷಿಪಣಿ ಹಾರಿಸಿದರು. ಕೆಲವು ಗುರಿ ತಪ್ಪಿ ಮನೆಗಳ ಮೇಲೆ ಬಿದ್ದವು. ಸತ್ತ ನಾಗರಿಕರಲ್ಲಿ ಹೆಸರಾಂತ ಕಲಾವಿದೆ ಲೈಲಾ ಅಲ್-ಅತ್ತಾರ್ ಮತ್ತು ಅವರ ಪತಿ ಇದ್ದರು. ಆ ಮೊಸಾಯಿಕ್ ಅವರದೇ, ಅದಕ್ಕಾಗಿಯೇ ಗುರಿಯಿಟ್ಟರು ಎಂಬ ಕಥೆ ಹುಟ್ಟಿಕೊಂಡಿತು. ಗುರಿ ಗುಪ್ತಚರ ಕಚೇರಿಯಾಗಿತ್ತು. ಅವರನ್ನೇ ಹುಡುಕಿ ಹೊಡೆದರು ಎಂಬುದಕ್ಕೆ ಆಧಾರವಿಲ್ಲ. ಒಬ್ಬ ಒಳ್ಳೆಯ ಚಿತ್ರಕಾರ್ತಿಯ ಸಾವು ನೆಲಹಾಸಿನ ಕಥೆಯೊಳಗೆ ಕರಗಿಹೋಗಿದ್ದು ದುಃಖದ ಸಂಗತಿ. ಅವರ ಸ್ವಂತ ಚಿತ್ರಗಳ ಹೆಸರು ಕೇಳಿದರೆ ಯಾರೂ ಹೇಳುವುದಿಲ್ಲ.

ನಮ್ಮ ಚರ್ಚೆಗೆ ಸಂಬಂಧಿಸಿದ ಭಾಗ ಇದು: ಮೊಸಾಯಿಕ್ ಇತ್ತು, ಸಂಚಿನ ಆರೋಪವೂ ಇತ್ತು, ಎರಡರ ಗುರಿಯೂ ಬುಷ್ ಒಬ್ಬರೇ. ಆದರೂ ಅಮೆರಿಕದ ತನಿಖಾಧಿಕಾರಿಗಳು ಮೊಸಾಯಿಕನ್ನು ಸಾಕ್ಷಿ ಎಂದು ಮುಂದಿಡಲಿಲ್ಲ. ಕುವೈತಿನಲ್ಲಿ ಸಿಕ್ಕ ವಾಹನದ ಸ್ಫೋಟಕ ಸಾಧನದ ಸರ್ಕ್ಯೂಟನ್ನು ಹಿಂದೆ ಸಿಕ್ಕ ಇರಾಕಿ ಸಾಧನಗಳೊಂದಿಗೆ ಹೋಲಿಸಿದರು, ಬಂಧಿತರ ಹೇಳಿಕೆ ಪಡೆದರು. ಆ ಹೋಲಿಕೆಯ ಗಟ್ಟಿತನದ ಬಗ್ಗೆಯೂ ಆಮೇಲೆ ಪ್ರಶ್ನೆ ಬಂತು, ಅದು ಬೇರೆ. ಪ್ರಶ್ನೆ ಕೇಳಲು ಸಾಧ್ಯವಾದದ್ದೇ ಅಲ್ಲಿ ಮುಟ್ಟಿ ಪರೀಕ್ಷಿಸುವ ವಸ್ತು ಇದ್ದದ್ದರಿಂದ.

2003ರಲ್ಲಿ ಬಾಗ್ದಾದ್ ಬಿದ್ದ ಮೇಲೆ ಸೈನಿಕರು ಮೊಸಾಯಿಕನ್ನು ಒಡೆದು ಕಿತ್ತರು.

ಪಶ್ಚಿಮ ಏಷ್ಯಾ ಓದುಗ

ಚಪ್ಪಾಳೆ ಬೇರೆ, ಕೈವಾಡ ಬೇರೆ ಎಂಬುದಕ್ಕೆ ಇರಾನಿನ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. 1981ರ ಅಕ್ಟೋಬರ್ 6ರಂದು ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದಾತ್ ಅವರನ್ನು ಖಾಲಿದ್ ಇಸ್ಲಾಂಬೂಲಿ ಎಂಬ ಸೇನಾಧಿಕಾರಿ ಕವಾಯತಿನಲ್ಲೇ ಕೊಂದ. ಟೆಹರಾನಿನಲ್ಲಿ ಒಂದು ರಸ್ತೆಗೆ ಅವನ ಹೆಸರಿಟ್ಟರು, ಗೋಡೆಯಲ್ಲಿ ಚಿತ್ರ ಬರೆಸಿದರು, 1982ರಲ್ಲಿ ಅಂಚೆಚೀಟಿಯನ್ನೂ ತಂದರು. ಅಂಚೆಚೀಟಿ ಎಂದರೆ ಊರ ಕಮಿಟಿಯ ಕೆಲಸವಲ್ಲ, ಅಧಿಕೃತ ಸರ್ಕಾರಿ ಮುದ್ರಣ. ನಾಸಿರಿಯಾದ ಗೋಡೆಗಿಂತ ಎಷ್ಟೋ ಪಟ್ಟು ಗಟ್ಟಿ ಒಪ್ಪಿಗೆ. ಆದರೆ ಕೊಲೆ ಈಜಿಪ್ಟಿನೊಳಗಿನ ಜಿಹಾದಿ ಗುಂಪಿನದು. ಚಿತ್ರ ಮಾತ್ರ ಉಳಿದು ಉಳಿದ ದಾಖಲೆ ಕಳೆದುಹೋಗಿದ್ದರೆ ನಾವೆಲ್ಲ ಕೊಲೆ ಮಾಡಿಸಿದ್ದು ಇರಾನ್ ಎಂದೇ ಬರೆಯುತ್ತಿದ್ದೆವು.

ಲಿಬಿಯಾದಲ್ಲಿ ಇದು ತಲೆಕೆಳಗು. 1986ರ ಏಪ್ರಿಲ್ 5ರಂದು ಪಶ್ಚಿಮ ಬರ್ಲಿನ್ನಿನ ಲಾ ಬೆಲ್ ಡಿಸ್ಕೊದಲ್ಲಿ ಬಾಂಬ್ ಸಿಡಿದು ಮೂವರು ಸತ್ತರು, 200ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಇದು ಲಿಬಿಯಾದ ಕೆಲಸವೆಂದು ಏಪ್ರಿಲ್ 15ರಂದು ಅಮೆರಿಕ ಅದರ ರಾಜಧಾನಿ ಟ್ರಿಪೋಲಿಯ ಮೇಲೆ ಬಾಂಬ್ ಹಾಕಿತು. ಅದರ ನೆನಪಿಗೆ ಗದ್ದಾಫಿ ತನ್ನ ಬಾಬ್ ಅಲ್-ಅಜೀಜಿಯಾ ಆವರಣದಲ್ಲಿ ಅಮೆರಿಕದ ಯುದ್ಧವಿಮಾನವನ್ನು ಹಿಸುಕುತ್ತಿರುವ ಬಂಗಾರದ ಬಣ್ಣದ ಮುಷ್ಟಿಯ ಶಿಲ್ಪ ನಿಲ್ಲಿಸಿದ. 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್ಬಿಯ ಮೇಲೆ ಅಮೆರಿಕದ ಪ್ರಯಾಣಿಕ ವಿಮಾನ ಸಿಡಿದು 270 ಜನ ಸತ್ತರು. ಈಗ ಆ ಶಿಲ್ಪ ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಲಿಬಿಯಾದತ್ತ ತನಿಖೆ ತಿರುಗಿದ್ದು ಶಿಲ್ಪದಿಂದಲ್ಲ. ಉಗುರಿನಷ್ಟು ದೊಡ್ಡ ಟೈಮರ್ ಸರ್ಕ್ಯೂಟಿನ ಚೂರು, ಸೂಟ್‌ಕೇಸಿನಲ್ಲಿದ್ದ ಬಟ್ಟೆಗಳನ್ನು ಮಾರಿದ ಮಾಲ್ಟಾದ ಅಂಗಡಿ, ಇವು ದಾರಿ ತೋರಿಸಿದವು. 2001ರಲ್ಲಿ ಒಬ್ಬ ಲಿಬಿಯನ್ ಗುಪ್ತಚರ ಅಧಿಕಾರಿಗೆ ಶಿಕ್ಷೆಯಾಯಿತು, 2003ರಲ್ಲಿ ಲಿಬಿಯಾ ಹೊಣೆ ಒಪ್ಪಿತು. ಲಾ ಬೆಲ್ ಪ್ರಕರಣದಲ್ಲೂ ಹಾಗೇ: ಕದ್ದು ಕೇಳಿದ ಸಂದೇಶಗಳು, ಬರ್ಲಿನ್ ಗೋಡೆ ಬಿದ್ದಮೇಲೆ ತೆರೆದ ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸ್ಟಾಸಿಯ ಕಡತಗಳು. 2001ರಲ್ಲಿ ನಾಲ್ವರಿಗೆ ಶಿಕ್ಷೆ.

ಶಿಲ್ಪ ಉಪಯೋಗಕ್ಕೆ ಬರುವುದು ಉದ್ದೇಶ ತಿಳಿಯಲು. ಕೈ ಯಾರದು ಎಂದು ತಿಳಿಯಲು ಅಲ್ಲ.

ಮಲೆನಾಡಿಗ

ನ್ಯಾಯಾಲಯಗಳು ಪ್ರಚಾರಚಿತ್ರವನ್ನು ಸಾಕ್ಷಿಯಾಗಿ ತೆಗೆದುಕೊಂಡದ್ದೇ ಇಲ್ಲವೇ?

ಪಶ್ಚಿಮ ಏಷ್ಯಾ ಓದುಗ

ತೆಗೆದುಕೊಂಡಿವೆ, ಆದರೆ ಚಿತ್ರವೇ ಅಪರಾಧವಾಗಿದ್ದ ಕಡೆ. ಎರಡನೇ ಮಹಾಯುದ್ಧದ ನಂತರ ನಾಜಿ ನಾಯಕರ ವಿಚಾರಣೆ ನಡೆದ ನ್ಯೂರೆಂಬರ್ಗಿನಲ್ಲಿ ಯೂಲಿಯುಸ್ ಸ್ಟ್ರೈಖರ್‌ಗೆ ಗಲ್ಲಾದದ್ದು ಆತ ಹೊರಡಿಸುತ್ತಿದ್ದ ಯೆಹೂದಿ ದ್ವೇಷದ ಪತ್ರಿಕೆಯ ಬರಹ, ಪ್ರಚೋದನೆಗಾಗಿ. ರುವಾಂಡಾದ 1994ರ ನರಮೇಧದ ವಿಚಾರಣೆ ನಡೆಸಿದ ನ್ಯಾಯಮಂಡಳಿಯಲ್ಲಿ ಒಂದು ಪತ್ರಿಕೆಯ ಮುಖಪುಟ ಚರ್ಚೆಗೆ ಬಂತು: ಟುಟ್ಸಿ ಜನಾಂಗದವರನ್ನು ಮುಗಿಸಲು ಯಾವ ಆಯುಧ ಎಂಬ ಪ್ರಶ್ನೆ, ಪಕ್ಕದಲ್ಲಿ ಮಚ್ಚಿನ ಚಿತ್ರ. 2003ರಲ್ಲಿ ಸಂಪಾದಕನಿಗೆ ಶಿಕ್ಷೆಯಾಯಿತು. 2007ರ ಮೇಲ್ಮನವಿಯಲ್ಲಿ ಪೀಠ ಕಾಲದ ಗೆರೆ ಎಳೆಯಿತು: ಮಂಡಳಿಯ ವ್ಯಾಪ್ತಿ 1994ರ ವರ್ಷವೊಂದೇ, ಅದಕ್ಕಿಂತ ಹಿಂದಿನ ಸಂಚಿಕೆಗಳಿಗಾಗಿ ಶಿಕ್ಷೆ ಕೊಡಲಾಗದು. ಶಿಕ್ಷೆ 35 ವರ್ಷಕ್ಕೆ ಇಳಿಯಿತು. ಅಷ್ಟು ಹಸಿಹಸಿಯಾದ ಚಿತ್ರಕ್ಕೂ ದಿನಾಂಕ ಕೇಳಿದರು ನೋಡಿ.

ಪ್ರಚೋದನೆ ಸಾಬೀತು ಮಾಡಲು ಚಿತ್ರ ಸಾಕಾಗಬಹುದು. ಸಂಚು ಸಾಬೀತು ಮಾಡಲು ಆದೇಶ, ಹಣ, ಆಯುಧ, ಮನುಷ್ಯ ಬೇಕು.

ರೊಕ್ಕದ ಜಾಡು

ಚಿತ್ರದ ಮೇಲೆ ಇಷ್ಟು ಅನುಮಾನ ಪಡುವಾಗ ಕಾಗದ ಮತ್ತು ಬಾಯಿಮಾತಿನ ಮೇಲೂ ಅಷ್ಟೇ ಅನುಮಾನ ಇರಲಿ. ಇರಾಕ್ ಅಲ್-ಖೈದಾಗೆ ರಾಸಾಯನಿಕ ಅಸ್ತ್ರದ ತರಬೇತಿ ಕೊಟ್ಟಿತ್ತು ಎಂದು ಅಮೆರಿಕದ ಆಗಿನ ವಿದೇಶಾಂಗ ಸಚಿವ ಕಾಲಿನ್ ಪಾವೆಲ್ 2003ರ ಫೆಬ್ರವರಿ 5ರಂದು ವಿಶ್ವಸಂಸ್ಥೆಯಲ್ಲಿ ಹೇಳಿದರು. ಆ ಮಾತಿನ ಮೂಲ ಇಬ್ನ್ ಅಲ್-ಶೇಖ್ ಅಲ್-ಲಿಬಿ ಎಂಬ ಕೈದಿ. ಚಿತ್ರಹಿಂಸೆಯ ಭಯಕ್ಕೆ ಹಾಗೆ ಹೇಳಿದೆ ಎಂದು 2004ರಲ್ಲಿ ಆತ ಹಿಂತೆಗೆದುಕೊಂಡ. ದಾಳಿಕೋರ ಮೊಹಮ್ಮದ್ ಅತ್ತಾ ಪ್ರಾಗ್‌ನಲ್ಲಿ ಇರಾಕಿ ಅಧಿಕಾರಿಯನ್ನು ಭೇಟಿಯಾಗಿದ್ದ ಎಂಬ ಕಥೆಗೂ ಸೆಪ್ಟೆಂಬರ್ 11ರ ಆಯೋಗಕ್ಕೆ ಆಧಾರ ಸಿಗಲಿಲ್ಲ.

ಪಾವೆಲ್ ಮಾತಾಡಿದ ಆ ದಿನ ಭದ್ರತಾ ಮಂಡಳಿಯ ಬಾಗಿಲ ಹೊರಗೆ ತೂಗುವ, ಯುದ್ಧದ ಭೀಕರತೆ ತೋರಿಸುವ ಪಿಕಾಸೊನ ಗೆರ್ನಿಕಾ ಚಿತ್ರದ ನೇಯ್ಗೆಯ ಪ್ರತಿಯ ಮೇಲೆ ನೀಲಿ ಪರದೆ ಎಳೆದಿದ್ದರು. ಕ್ಯಾಮೆರಾಗೆ ಹಿನ್ನೆಲೆ ಸರಿಯಾಗಲಿ ಎಂಬ ಕಾರಣ ಕೊಟ್ಟರು.

ತುಂಗಾತೀರ

ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಕೊನೆಯ ಒಂದು ಅನುಮಾನ. ಚಿತ್ರ ಸಾಬೀತು ಮಾಡದಿದ್ದರೂ ಜನ ನಂಬಿದರಲ್ಲ, ಅದಕ್ಕೆ ಚಿತ್ರ ಎಷ್ಟು ಕಾರಣ?

ಕುಂಚ-ಕಡತ

2003ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ನಡೆಸಿದ ಸಮೀಕ್ಷೆಯಲ್ಲಿ ಶೇ. 69ರಷ್ಟು ಅಮೆರಿಕನ್ನರು ಸೆಪ್ಟೆಂಬರ್ 11ರಲ್ಲಿ ಸದ್ದಾಂ ಪಾತ್ರವಿದ್ದಿರಬಹುದು ಎಂದರು. ಮರುತಿಂಗಳು 17ರಂದು ಆಗಿನ ಅಧ್ಯಕ್ಷ ಕಿರಿಯ ಬುಷ್ ಅವರೇ ಅಂಥ ಪುರಾವೆ ನಮ್ಮ ಬಳಿ ಇಲ್ಲ ಎಂದು ಹೇಳಬೇಕಾಯಿತು. ಅದರಲ್ಲಿ ಗೋಡೆಚಿತ್ರದ ಪಾಲು ಎಷ್ಟು ಎಂದು ಅಳೆಯಲು ಬರುವುದಿಲ್ಲ. ಭಾಷಣಗಳಲ್ಲಿ ಸದ್ದಾಂ, ಅಲ್-ಖೈದಾ ಎರಡು ಹೆಸರೂ ಒಟ್ಟೊಟ್ಟಿಗೆ ಬಂದದ್ದರ ಪಾಲು ಹೆಚ್ಚೇ ಇರಬೇಕು ಎಂಬುದು ನನ್ನ ಅನಿಸಿಕೆ.

ಈಗ ಆ ಫೋಟೊ ಯಾರಾದರೂ ಕಳಿಸಿದರೆ ಮೂರೇ ಪ್ರಶ್ನೆ ಕೇಳಿ. ಚಿತ್ರ ಬರೆಸಿದ ಆದೇಶ ಎಲ್ಲಿದೆ? ಬರೆದ ದಿನ ಯಾವುದು? ಅದೇ ಕಟ್ಟಡದಲ್ಲಿ ಸಿಕ್ಕ ಕಾಗದಗಳು ಏನು ಹೇಳುತ್ತವೆ? ಸದ್ದಾಂನ ಬಾತ್ ಪಕ್ಷದ ಲಕ್ಷಾಂತರ ಪುಟಗಳ ಕಡತಗಳು ವರ್ಷಗಟ್ಟಲೆ ಅಮೆರಿಕದ ಹೂವರ್ ಸಂಸ್ಥೆಯಲ್ಲಿದ್ದು 2020ರಲ್ಲಿ ಬಾಗ್ದಾದಿಗೆ ಮರಳಿವೆ. ಅರಬ್ಬಿ ಬಲ್ಲ ಸಂಶೋಧಕರಿಗೆ ಮುಂದಿನ ಕೆಲಸ ಅಲ್ಲಿದೆ.